ಹೈಡ್ರೋಟ್ರೀಟರ್ ರಿಯಾಕ್ಟರ್ ನಿಲ್ಲಿಸಿ ಹಳೆಯ ಕ್ಯಾಟಲಿಸ್ಟ್ ತೆಗೆಯುವ ಕ್ರಮ

ಡೀಸೆಲ್ ಹೈಡ್ರೋಟ್ರೀಟರ್ (ಹೈಡ್ರೋಜನ್ ಬಳಸಿ ಡೀಸೆಲ್‌ನ ಗಂಧಕ ತೆಗೆಯುವ ರಿಫೈನರಿ ಘಟಕ) ಓಡುತ್ತಿರುವಷ್ಟು ದಿನ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ. ಒಳಗೆ ಭಾರಿ ಒತ್ತಡದ ಹೈಡ್ರೋಜನ್, 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ತೆಗೆಯುವವರ ಅಪಾಯ ಶುರುವಾಗುವುದು ಅದೆಲ್ಲ ಇಳಿದು, ರಿಯಾಕ್ಟರ್ ತಣ್ಣಗೆ ನಿಂತು, ಮೇಲಿನ ಮುಚ್ಚಳ ಬಿಚ್ಚಿದ ಮೇಲೆ. ಒಳಗಿರುವ ಸರಕಿಗೆ ಆಮ್ಲಜನಕ ತಾಗಿದರೆ ಬೆಂಕಿ. ಒಳಗೆ ಇಳಿಯುವ ಮನುಷ್ಯನಿಗೆ ಆಮ್ಲಜನಕ ಸಿಗದಿದ್ದರೆ ಸಾವು. ಆಮ್ಲಜನಕ ಈಗ ಎಲ್ಲಿದೆ, ಎಲ್ಲಿರಬಾರದು ಎಂಬ ಲೆಕ್ಕ ಒಂದು ನಿಮಿಷವೂ ತಪ್ಪದಂತೆ ನೋಡಿಕೊಳ್ಳುವುದೇ ಈ ಕೆಲಸ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಆ ಮಟ್ಟಕ್ಕೆ ಗಂಧಕ ಇಳಿಸುವುದು ಕೋಬಾಲ್ಟ್-ಮಾಲಿಬ್ಡಿನಂ ಅಥವಾ ನಿಕಲ್-ಮಾಲಿಬ್ಡಿನಂ ಕ್ಯಾಟಲಿಸ್ಟ್. ಅಲ್ಯೂಮಿನಾದ ಮೇಲೆ ಲೋಹ ಕೂರಿಸಿದ, ಮಿಲಿಮೀಟರ್ ಒಂದೂಕಾಲರಷ್ಟು ದಪ್ಪದ ಕಡ್ಡಿಚೂರುಗಳು. ಕೆಲಸ ಮಾಡುವಾಗ ಅದರ ಲೋಹವೆಲ್ಲ ಸಲ್ಫೈಡ್ ರೂಪದಲ್ಲಿರುತ್ತದೆ, ಮೈಮೇಲೆ ಕೋಕ್ ಎಂಬ ಇಂಗಾಲದ ಪೊರೆ ಕಟ್ಟಿರುತ್ತದೆ, ಜೊತೆಗೆ ಪೈಪುಗಳಿಂದ ಬಂದ ಕಬ್ಬಿಣದ ಸಲ್ಫೈಡ್ ಹೊಟ್ಟು ಮೇಲಿನ ಬೆಡ್‌ನಲ್ಲಿ, ಅಂದರೆ ಕ್ಯಾಟಲಿಸ್ಟ್ ಪದರದಲ್ಲಿ, ಕೂತಿರುತ್ತದೆ. ಮೂರಕ್ಕೂ ಗಾಳಿ ಆಗಿಬರುವುದಿಲ್ಲ. ಕೆಳಗಿನ ಕ್ರಮ ಇಂಥ ಸ್ಥಿರ ಬೆಡ್ ರಿಯಾಕ್ಟರ್‌ಗಳಿಗೆ. ಭಾರವಾದ ಎಣ್ಣೆಯನ್ನು ಒಡೆಯುವ ಹೈಡ್ರೋಕ್ರ್ಯಾಕರ್‌ಗೂ ಬಹುಪಾಲು ಇದೇ. ಅಂಕಿಗಳು ಸಾಮಾನ್ಯ ರೂಢಿಯವು. ತಂತ್ರಜ್ಞಾನ ಕೊಟ್ಟ ನಿಮ್ಮ ಲೈಸೆನ್ಸರ್ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಅಂತಿಮ.

ತಿಂಗಳು ಮೊದಲೇ ಮಾಡಬೇಕಾದ ಲೆಕ್ಕ

150 ಘನ ಮೀಟರ್ ಕ್ಯಾಟಲಿಸ್ಟ್ ಇರುವ ರಿಯಾಕ್ಟರ್ ಎಂದಿಟ್ಟುಕೊಳ್ಳಿ. ಕೋಕ್, ಗಂಧಕ ಸೇರಿ ಹಳೆಯ ಸರಕು ಘನ ಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ. ಅಂದರೆ 150 ಟನ್, ಅದರ ಮೇಲೆ ಸೆರಾಮಿಕ್ ಗುಂಡುಗಳು. 200 ಲೀಟರ್ ಡ್ರಮ್‌ಗೆ 180 ಲೀಟರ್ ತುಂಬಿದರೂ 830 ಡ್ರಮ್ ಬೇಕು, 1.8 ಘನ ಮೀಟರಿನ ಉಕ್ಕಿನ ಬಿನ್ ಆದರೆ 80ರಿಂದ 90. ಡ್ರಮ್ ಮುಗಿದು ಸ್ಲೈಡ್ ವಾಲ್ವ್ ಮುಚ್ಚಿಟ್ಟು ಕಾಯುವಾಗಲೇ ಡಂಪ್ ನಾಝಲ್ (ರಿಯಾಕ್ಟರ್ ತಳದಲ್ಲಿ ಸರಕು ಸುರಿಯುವ ಬಾಯಿ) ಕಟ್ಟಿಕೊಳ್ಳುವುದು, ಆದ್ದರಿಂದ ಹತ್ತನೇ ಒಂದು ಪಾಲು ಹೆಚ್ಚೇ ತರಿಸಿಡಿ.

ಗಾಳಿ ಒಳಬರದಂತೆ ತುಂಬುವ ನೈಟ್ರೋಜನ್‌ನ ಲೆಕ್ಕವೂ ಹೀಗೆಯೇ. ಅನಿಲ ಸುತ್ತುವ ಲೂಪಿನ ಒಟ್ಟು ಗಾತ್ರ 250 ಘನ ಮೀಟರ್ ಇದ್ದು, 5 ಬಾರ್‌ಗೆ ಏರಿಸಿ ಇಳಿಸುವುದನ್ನು ನಾಲ್ಕು ಸಲ ಮಾಡಿದರೆ 5,000 ಘನ ಮೀಟರ್ ಅಲ್ಲೇ ಹೋಯಿತು. ಆಮೇಲೆ ಮುಚ್ಚಳ ತೆರೆದಿರುವ ಅಷ್ಟೂ ದಿನ ಎಡೆಬಿಡದೆ ಹರಿಯಬೇಕು. ದೊಡ್ಡ ಖರ್ಚು ಅದು. ಒಂದು ಘನ ಮೀಟರ್ ದ್ರವ ನೈಟ್ರೋಜನ್‌ನಿಂದ ಸುಮಾರು 650 ಘನ ಮೀಟರ್ ಅನಿಲ ಬರುತ್ತದೆ. ಪ್ಲಾಂಟಿನ ಹೆಡರ್ ಒಂದನ್ನೇ ನಂಬಬೇಡಿ, ಟ್ಯಾಂಕರ್ ಮತ್ತು ವೇಪರೈಸರ್ ಬದಲಿ ಸಿದ್ಧವಿರಲಿ. ಇಂಧನ ಸುಟ್ಟು ತಯಾರಿಸುವ ಇನರ್ಟ್ ಗ್ಯಾಸ್ ಬೇಡವೇ ಬೇಡ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಏಕೆ ವಿಷವೆಂದು ಮುಂದೆ ಬರುತ್ತದೆ.

ಬಿಸಿ ಮೊದಲು, ಫೀಡ್ ಆಮೇಲೆ

ಕ್ರ್ಯಾಕ್ ಆದ ಸರಕು, ಅಂದರೆ ಭಾರವಾದ ಎಣ್ಣೆ ಒಡೆಯುವ ಘಟಕಗಳಿಂದ ಬರುವ ಎಫ್‌ಸಿಸಿಯ ಸೈಕಲ್ ಆಯಿಲ್ ಅಥವಾ ಕೋಕರ್ ಗ್ಯಾಸ್ ಆಯಿಲ್, ಫೀಡ್‌ನಲ್ಲಿ (ರಿಯಾಕ್ಟರ್‌ಗೆ ಹೋಗುವ ಎಣ್ಣೆಯಲ್ಲಿ) ಇದ್ದರೆ ಕೆಲವು ಗಂಟೆ ಮೊದಲೇ ಅದನ್ನು ತೆಗೆದು ನೇರ ಬಟ್ಟಿಯ ಡೀಸೆಲ್ ಮಾತ್ರ ಹರಿಸಿ. ಭಾರವಾದ ವಿಜಿಒ (ವ್ಯಾಕ್ಯೂಮ್ ಗ್ಯಾಸ್ ಆಯಿಲ್) ಓಡುವ ಘಟಕದಲ್ಲಂತೂ ಡೀಸೆಲ್‌ನಿಂದ ತೊಳೆಯದೆ ನಿಲ್ಲಿಸಿದರೆ ಆಮೇಲೆ ಕ್ಯಾಟಲಿಸ್ಟ್ ಗಟ್ಟಿಯಾಗಿ ಕೂತು ಹೊರಬರುವುದಿಲ್ಲ.

ನಂತರ ರಿಯಾಕ್ಟರ್ ಇನ್‌ಲೆಟ್ ಬಿಸಿಯನ್ನು ಗಂಟೆಗೆ 20ರಿಂದ 25 ಡಿಗ್ರಿಯಂತೆ 315–320ಕ್ಕೆ ಇಳಿಸಿ. ಅದಾದ ಮೇಲೆಯೇ ಫೀಡ್ ಕಡಿಮೆ ಮಾಡಿ, ಅರ್ಧದ ಹತ್ತಿರ ಬಂದಾಗ ಪೂರ್ತಿ ನಿಲ್ಲಿಸಿ. ಇದು ತಿರುವುಮುರುವಾದರೆ ಅದೇ ಬಿಸಿಯಲ್ಲಿ ಎಣ್ಣೆ ಹೆಚ್ಚು ಹೊತ್ತು ಬೆಡ್‌ನಲ್ಲಿ ಉಳಿಯುತ್ತದೆ, ಹೊರಗೆ ಒಯ್ಯುವ ಹರಿವು ಇಲ್ಲದೆ ಉಷ್ಣ ಒಳಗೇ ಕೂಡುತ್ತದೆ. ಹೈಡ್ರೋಕ್ರ್ಯಾಕರ್‌ನಲ್ಲಿ ಹೀಗೆ ಬೆಡ್ ತಾಪ ಕೈಮೀರಿ ಏರುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ರಿಸೈಕಲ್ ಕಂಪ್ರೆಸರ್ ಪೂರ್ತಿ ವೇಗದಲ್ಲೇ ಇರಲಿ. ಏರ್ ಕೂಲರ್ ಮುಂದಿನ ವಾಶ್ ವಾಟರ್ ಅನ್ನು ಫೀಡ್ ನಿಂತ ತಕ್ಷಣ ಮುಚ್ಚಬೇಡಿ. ಅಮೋನಿಯ ಇನ್ನೂ ಬರುತ್ತಿರುತ್ತದೆ, ನೀರಿಲ್ಲದಿದ್ದರೆ ಲವಣ ಕಟ್ಟಿ ಟ್ಯೂಬ್ ಮುಚ್ಚುತ್ತದೆ.

ಬಿಸಿ ಹೈಡ್ರೋಜನ್‌ನಿಂದ ಎಣ್ಣೆ ಹಿಂಡುವುದು

ಇಡೀ ಕೆಲಸದಲ್ಲಿ ಗಂಟೆ ಉಳಿಸಲು ಎಲ್ಲರೂ ಕೈಹಾಕುವ ಜಾಗ ಇದು. ಹಾಗೆ ಉಳಿಸಿದ ಒಂದು ಗಂಟೆಗೆ ಮುಂದೆ ಅರ್ಧ ದಿನ ದಂಡ ಕಟ್ಟಬೇಕಾಗುತ್ತದೆ.

ಫೀಡ್ ನಿಂತ ಮೇಲೆ ಹೈಡ್ರೋಜನ್ ಸುತ್ತಿಸುತ್ತಲೇ ಬೆಡ್ ಬಿಸಿಯನ್ನು ನಿಧಾನಕ್ಕೆ 370ರ ಸುತ್ತಮುತ್ತಲಿಗೆ ಏರಿಸಿ, 12ರಿಂದ 24 ಗಂಟೆ ಹಿಡಿದಿಡಿ. ಕಡ್ಡಿಚೂರುಗಳ ರಂಧ್ರಗಳಲ್ಲಿ ಕೂತ ಎಣ್ಣೆ ಆವಿಯಾಗಿ ಹೈ ಪ್ರೆಶರ್ ಸೆಪರೇಟರ್‌ಗೆ ಬಂದು ಸೇರುತ್ತದೆ. ಮುಗಿಯಿತೇ ಎಂದು ತಿಳಿಯಲು ಗಡಿಯಾರ ಸಾಲದು. ಸೆಪರೇಟರಿನ ದ್ರವ ಹೊರಹೋಗುವ ವಾಲ್ವ್ ಮುಚ್ಚಿ ಲೆವೆಲ್ ನೋಡಿ. ಎರಡು ಗಂಟೆ ಮುಳ್ಳು ಕದಲದಿದ್ದರೆ ಇನ್ನೊಮ್ಮೆ ಖಾಲಿ ಮಾಡಿ, ಮತ್ತೆ ಎರಡು ಗಂಟೆ ನೋಡಿ. ಪ್ಯಾನೆಲ್ ಓದನ್ನು ಫೀಲ್ಡಿನ ಲೆವೆಲ್ ಗೇಜ್ ಜೊತೆ ಹೋಲಿಸಿಯೇ ನಂಬಿ.

ಎಣ್ಣೆ ಉಳಿದರೆ ಏನಾಗುತ್ತದೆ? ಮ್ಯಾನ್‌ವೇ (ಒಳಗೆ ಇಳಿಯುವ ಮೇಲಿನ ಬಾಯಿ) ತೆರೆದಾಗ ಹೈಡ್ರೋಕಾರ್ಬನ್ ಓದು ಇಳಿಯುವುದೇ ಇಲ್ಲ, ಒಳಗೆ ಇಳಿಯಲು ಪರ್ಮಿಟ್ ಸಿಗುವುದಿಲ್ಲ. ಡಂಪ್ ನಾಝಲ್‌ನಲ್ಲಿ ಒಣ ಮರಳಿನಂತೆ ಸುರಿಯಬೇಕಾದ ಸರಕು ಮುದ್ದೆಯಾಗಿ ನಿಲ್ಲುತ್ತದೆ. ಬಿನ್‌ಗೆ ಬಿದ್ದ ಎಣ್ಣೆಯುಕ್ತ ಕ್ಯಾಟಲಿಸ್ಟ್ ಒಳಗೊಳಗೇ ಕಾಯತೊಡಗುತ್ತದೆ. ಮೂರೂ ತೊಂದರೆ ಒಟ್ಟಿಗೆ ಕಾಣಿಸಿಕೊಂಡರೆ ಎಣ್ಣೆ ಹಿಂಡುವ ಸ್ಟ್ರಿಪ್ಪಿಂಗ್ ಅರ್ಧಕ್ಕೆ ನಿಂತಿದೆ ಎಂದೇ ಅರ್ಥ, ಬೇರೆ ಕಾರಣ ಹುಡುಕಬೇಡಿ.

205 ಡಿಗ್ರಿಯ ಗೆರೆ

ಕ್ಯಾಟಲಿಸ್ಟ್‌ನಲ್ಲಿ ನಿಕಲ್ ಇದ್ದು ಸುತ್ತುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ, 205 ಡಿಗ್ರಿಗಿಂತ ಕೆಳಗೆ ನಿಕಲ್ ಕಾರ್ಬೊನಿಲ್ ಹುಟ್ಟುತ್ತದೆ. 43 ಡಿಗ್ರಿಗೆ ಕುದಿಯುವ ದ್ರವ, ಆವಿಯೇ ಕೊಲ್ಲುವಷ್ಟು ವಿಷ. ಎಂಟು ಗಂಟೆ ಕೆಲಸಕ್ಕೆ ಒಪ್ಪಿದ ಮಿತಿ 0.001 ಪಿಪಿಎಂ, ವಾಸನೆಯಿಂದ ಎಚ್ಚೆತ್ತುಕೊಳ್ಳುವ ಮಾತೇ ಇಲ್ಲ.

ಆದ್ದರಿಂದ ತಂಪಾಗಿಸುವಾಗ 230–260 ಡಿಗ್ರಿಯಲ್ಲಿ ನಿಲ್ಲಿ. ರಿಸೈಕಲ್ ಅನಿಲದ ಮಾದರಿ ತೆಗೆದು ಕಾರ್ಬನ್ ಮಾನಾಕ್ಸೈಡ್ ಅಳೆಯಿರಿ. 10 ಪಿಪಿಎಂಗಿಂತ ಕಡಿಮೆ ಬಂದರೆ ಮಾತ್ರ ಮುಂದೆ ಇಳಿಯಿರಿ. ಹೆಚ್ಚಿದ್ದರೆ ಅಲ್ಲೇ ನಿಂತು ಶುದ್ಧ ಅನಿಲದಿಂದ ಲೂಪ್ ತೊಳೆದು ಮತ್ತೆ ಅಳೆಯಿರಿ. ಮಾನಾಕ್ಸೈಡ್ ಬರುವ ದಾರಿ ಎರಡು: ಹೊಸದಾಗಿ ಸೇರಿಸುವ ಮೇಕಪ್ ಹೈಡ್ರೋಜನ್ ಜೊತೆ, ಅಥವಾ ನೈಟ್ರೋಜನ್‌ನಲ್ಲಿ ಸೇರಿಕೊಂಡ ಆಮ್ಲಜನಕ ಬಿಸಿ ಕೋಕನ್ನು ಸುಟ್ಟಾಗ.

ಇಲ್ಲೊಂದು ಬಲೆ ಇದೆ. ಜೇಬಿಗೆ ಸಿಕ್ಕಿಸುವ ಗ್ಯಾಸ್ ಡಿಟೆಕ್ಟರ್‌ನ ಎಲೆಕ್ಟ್ರೋಕೆಮಿಕಲ್ ಸಿಒ (ಕಾರ್ಬನ್ ಮಾನಾಕ್ಸೈಡ್) ಸೆನ್ಸರ್ ಹೈಡ್ರೋಜನ್ನನ್ನೂ ಸಿಒ ಎಂದೇ ಓದುತ್ತದೆ. ಹೈಡ್ರೋಜನ್ ತುಂಬಿದ ಲೂಪಿನಲ್ಲಿ ಅದರ ಅಂಕಿಗೆ ಅರ್ಥವಿಲ್ಲ. ಲ್ಯಾಬಿನ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಓದು ತರಿಸಿ.

ಒತ್ತಡ ಇಳಿಸುವುದಕ್ಕೂ ಒಂದು ಕ್ರಮ

ದಪ್ಪ ಗೋಡೆಯ ಕ್ರೋಮ್-ಮಾಲಿ ಉಕ್ಕು ವರ್ಷಾನುಗಟ್ಟಲೆ ಬಿಸಿಯಲ್ಲಿದ್ದು ತಣ್ಣಗಾದಾಗ ಪೆಡಸಾಗಿರುತ್ತದೆ. ಹಾಗಾಗಿ ಪ್ರತಿ ರಿಯಾಕ್ಟರ್‌ಗೂ ಕನಿಷ್ಠ ಒತ್ತಡ ತಾಪಮಾನ ಎಂದೊಂದು ಗೆರೆ ಇರುತ್ತದೆ. ಗೋಡೆಯ ಬಿಸಿ ಅದಕ್ಕಿಂತ ಕೆಳಗಿಳಿಯುವ ಮೊದಲೇ ಒತ್ತಡ ವಿನ್ಯಾಸ ಒತ್ತಡದ ಕಾಲುಭಾಗಕ್ಕೆ ಬಂದಿರಬೇಕು. ಹಳೆಯ ರಿಯಾಕ್ಟರ್‌ಗಳಲ್ಲಿ ಈ ಗೆರೆ 100 ಡಿಗ್ರಿಗೂ ಮೇಲಿರಬಹುದು. ನಿಮ್ಮದು ಎಷ್ಟೆಂದು ಇನ್‌ಸ್ಪೆಕ್ಷನ್ ವಿಭಾಗದ ದಾಖಲೆಯಿಂದ ಬರೆಯಿಸಿಕೊಂಡು ಪ್ಯಾನೆಲ್ ಮೇಲೆ ಅಂಟಿಸಿ. ತಂಪಾಗಿಸುವ ವೇಗ ಗಂಟೆಗೆ 28 ಡಿಗ್ರಿ ಮೀರದಿರಲಿ. ಉಕ್ಕಿನೊಳಗೆ ಸೇರಿದ ಹೈಡ್ರೋಜನ್‌ಗೆ ಹೊರಬರಲು ಸಮಯ ಕೊಡದಿದ್ದರೆ ಒಳಮೈಯ ಸ್ಟೇನ್‌ಲೆಸ್ ಹೊದಿಕೆ ಎದ್ದುಬರುತ್ತದೆ.

ಅನಿಲ ಸುಡುವ ಫ್ಲೇರ್‌ಗೆ ಒತ್ತಡ ಬಿಟ್ಟ ಮೇಲೆ ನೈಟ್ರೋಜನ್ ತುಂಬಿ ಬಿಡುವ ಸುತ್ತು. 5 ಬಾರ್‌ಗೆ ಏರಿಸಿ ಸೊನ್ನೆಗೆ ಇಳಿಸಿದರೆ ಪ್ರತಿ ಸಲ ಹೈಡ್ರೋಜನ್ ಆರರಲ್ಲಿ ಒಂದು ಪಾಲಾಗುತ್ತದೆ: ಮೂರು ಸುತ್ತಿಗೆ 0.5% ಒಳಗೆ, ನಾಲ್ಕಕ್ಕೆ 0.1% ಒಳಗೆ. ಇದು ಚೆನ್ನಾಗಿ ಬೆರೆತ ಜಾಗದ ಲೆಕ್ಕ. ಲೆವೆಲ್ ಗೇಜ್, ಬೆಡ್ ತಂಪಾಗಿಸುವ ಕ್ವೆಂಚ್ ಲೈನ್, ಸ್ಯಾಂಪಲ್ ಪಾಯಿಂಟ್, ಬೈಪಾಸ್‌ಗಳಂಥ ಮೂಲೆಗಳಲ್ಲಿ ಹಳೆಯ ಅನಿಲ ಹಾಗೇ ಕೂತಿರುತ್ತದೆ. ಪ್ರತಿ ಸುತ್ತಿನಲ್ಲೂ ಅವುಗಳ ಬ್ಲೀಡರನ್ನು ಸುರಕ್ಷಿತ ಜಾಗಕ್ಕೆ ತೆರೆದು ಬಿಡಿ.

ಹೈಡ್ರೋಜನ್‌ಗೆಂದು ಮಾಡಿದ ಸೆಂಟ್ರಿಫ್ಯೂಗಲ್ ಕಂಪ್ರೆಸರ್ ಭಾರವಾದ ನೈಟ್ರೋಜನ್ ಮೇಲೆ ಓಡಬೇಕಾದರೆ ಒತ್ತಡ, ವೇಗ ಎರಡೂ ಕಡಿಮೆ ಇರಬೇಕು. ಡಿಸ್ಚಾರ್ಜ್ ಬಿಸಿಯ ಮೇಲೆ ಕಣ್ಣಿಡಿ. ಕೊನೆಯ 20 ಡಿಗ್ರಿ ಇಳಿಯುವುದೇ ಕಷ್ಟ. ಒಳಗೆ ಇಳಿಯಲು ಬೆಡ್ 38–40 ಡಿಗ್ರಿಯೊಳಗೆ ಬರಬೇಕು. ಮಂಗಳೂರಿನಂಥ ಕರಾವಳಿಯ ಏಪ್ರಿಲ್-ಮೇನಲ್ಲಿ ಹೊರಗಿನ ಗಾಳಿಯೇ 33–34 ಇರುವಾಗ ಏರ್ ಕೂಲರ್ ಎಷ್ಟು ತಿರುಗಿದರೂ ಫಲ ಕಡಿಮೆ. ಆಗ ದ್ರವ ನೈಟ್ರೋಜನ್‌ನಿಂದ ತಂಪು ಮಾಡಿದ ಅನಿಲ ಬಿಡುವುದುಂಟು. ದ್ರವದ ಬಿಸಿ ಮೈನಸ್ 196 ಡಿಗ್ರಿ ಎಂಬುದು ನೆನಪಿರಲಿ. ವೇಪರೈಸರ್ ಕೈಕೊಟ್ಟು ಅದು ಹಾಗೇ ನುಗ್ಗಿದರೆ ಉಕ್ಕಿನ ಪೈಪು ಬಿರುಕು ಬಿಡುತ್ತದೆ. ಇಂಜೆಕ್ಷನ್ ಲೈನಿನಲ್ಲಿ ತಾಪ ಇಳಿದಾಗ ತಾನೇ ಮುಚ್ಚುವ ವಾಲ್ವ್ ಇಲ್ಲದೆ ಈ ದಾರಿ ಹಿಡಿಯಬೇಡಿ.

ಬ್ಲೈಂಡ್ ಹಾಕುವುದು, ತೆರೆಯುವುದು

ವಾಲ್ವ್ ಮುಚ್ಚಿದ್ದನ್ನು ಪ್ರತ್ಯೇಕತೆ ಎಂದು ಕರೆಯುವಂತಿಲ್ಲ. ಹೈಡ್ರೋಜನ್, ಫೀಡ್, ಕ್ವೆಂಚ್, ಫ್ಲೇರ್ ಎಲ್ಲಕ್ಕೂ ಬ್ಲೈಂಡ್ (ಪೈಪನ್ನು ಪೂರ್ತಿ ಮುಚ್ಚುವ ಗಟ್ಟಿ ತಟ್ಟೆ) ಬೀಳಬೇಕು, ಪ್ರತಿಯೊಂದಕ್ಕೂ ಸಂಖ್ಯೆ, ಟ್ಯಾಗ್, ಸಹಿ. ಹರಿಯುತ್ತಲೇ ಇರಬೇಕಾದದ್ದು ನೈಟ್ರೋಜನ್ ಲೈನ್ ಒಂದೇ. ಅದೇ ಕಾರಣಕ್ಕೆ ಪರ್ಮಿಟ್‌ನಲ್ಲಿ ಅದು ದಪ್ಪಕ್ಷರದಲ್ಲಿರಬೇಕು.

2005ರ ನವೆಂಬರ್ 5ರಂದು ಅಮೆರಿಕದ ಡೆಲವೇರ್ ಸಿಟಿ ರಿಫೈನರಿಯಲ್ಲಿ ಇಬ್ಬರು ಗುತ್ತಿಗೆ ಕೆಲಸಗಾರರು ತೀರಿಕೊಂಡರು. ಕ್ಯಾಟಲಿಸ್ಟ್ ಕೆಲಸ ಮುಗಿದು ಪೈಪ್ ಮತ್ತೆ ಜೋಡಿಸುವ ಹೊತ್ತು; ರಿಯಾಕ್ಟರ್ ಒಳಗೆ ನೈಟ್ರೋಜನ್ ಹರಿಯುತ್ತಿತ್ತು. ಒಳಗೆ ಬಿದ್ದಿದ್ದ ಒಂದು ಟೇಪ್ ಸುರುಳಿಯನ್ನು ಎತ್ತಲು ಹೋದವರೊಬ್ಬರು, ಅವರನ್ನು ಎತ್ತಲು ಹೋದವರು ಇನ್ನೊಬ್ಬರು. ಪರ್ಮಿಟ್‌ನ ನೈಟ್ರೋಜನ್ ಕಾಲಮ್‌ನಲ್ಲಿ ಅನ್ವಯಿಸುವುದಿಲ್ಲ ಎಂದು ಗುರುತಾಗಿತ್ತು. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕವಿಲ್ಲದ ಗಾಳಿಯನ್ನು ಒಂದೆರಡು ಉಸಿರು ಎಳೆದರೆ ಎಚ್ಚರ ತಪ್ಪುತ್ತದೆ, ಉಸಿರುಗಟ್ಟಿದ ಅನುಭವವೇ ಆಗುವುದಿಲ್ಲ. ಮ್ಯಾನ್‌ವೇ ಬಾಯಿಯ ಹೊರಗೂ ಆ ವಲಯ ಹರಡಿರುತ್ತದೆ. ಸುತ್ತ ಮೂರು ಮೀಟರ್ ಬೇಲಿ ಹಾಕಿ, ಬೇಲಿಯೊಳಗೆ ಇರುವವರೆಲ್ಲ ಸರಬರಾಜು ಗಾಳಿಯ ಮುಖವಾಡದಲ್ಲೇ ಇರಲಿ, ಬೋಲ್ಟ್ ಬಿಚ್ಚುವವರೂ ಸೇರಿ. ಕೆಲಸವಿಲ್ಲದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕುವ ಮುಚ್ಚಳ ಇರಲಿ, ಬರೀ ಟಾರ್ಪಾಲು ಸಾಲದು.

ಮೇಲಿನ ಮ್ಯಾನ್‌ವೇ ಮತ್ತು ಕೆಳಗಿನ ಡಂಪ್ ನಾಝಲ್ ಎರಡನ್ನೂ ಒಟ್ಟಿಗೆ ತೆರೆದಿಡಬೇಡಿ. ಇನ್ನೂ ಬೆಚ್ಚಗಿರುವ ರಿಯಾಕ್ಟರ್ ಆಗ ಹೊಗೆಗೂಡಿನಂತೆ ಕೆಳಗಿನಿಂದ ಗಾಳಿ ಎಳೆಯುತ್ತದೆ, ಕಬ್ಬಿಣದ ಸಲ್ಫೈಡ್ ಕೆಂಡವಾಗುತ್ತದೆ, ಗಂಧಕದ ಡೈಆಕ್ಸೈಡ್ ಘಾಟು ಮೇಲೇಳುತ್ತದೆ.

ಕೆಳಗಿನಿಂದ ಸುರಿಸುವುದು

ಸಾಧ್ಯವಿದ್ದಷ್ಟನ್ನೂ ತನ್ನ ಭಾರಕ್ಕೆ ತಾನೇ ಇಳಿಯುವಂತೆ ಮಾಡುವುದು ಒಳ್ಳೆಯದು. ಒಬ್ಬರೂ ಒಳಗೆ ಇಳಿಯದೆ ಆಗುವ ಕೆಲಸ ಇದೊಂದೇ. ಮೇಲಿನ ಬಾಯಿ ಮುಚ್ಚಿ, ಮೇಲಿನಿಂದ ನೈಟ್ರೋಜನ್ ಬಿಟ್ಟು ಸಣ್ಣ ಧನ ಒತ್ತಡ ಇಡಿ. ಡಂಪ್ ನಾಝಲ್‌ಗೆ ಸ್ಲೈಡ್ ವಾಲ್ವ್, ಅದರ ಕೆಳಗೆ ಬಿನ್ನಿನ ಬಾಯಿಗೆ ಕಟ್ಟಿದ ತೋಳು; ತೋಳಿನೊಳಗೂ ನೈಟ್ರೋಜನ್. ಹೋಸ್, ಬಿನ್, ವಾಲ್ವ್ ಎಲ್ಲಕ್ಕೂ ಅರ್ಥಿಂಗ್ ತಂತಿ ಇರಬೇಕು. ಒಣ ಪುಡಿ ಓಡುವಾಗ ಸ್ಥಿರ ವಿದ್ಯುತ್ ಕಿಡಿ ಹಾರಿಸುತ್ತದೆ.

ಮೊದಲು ಬರುವುದು ಸೆರಾಮಿಕ್ ಗುಂಡು, ಆಮೇಲೆ ಕ್ಯಾಟಲಿಸ್ಟ್. ಹರಿವು ನಿಂತರೆ ಹೊರಗಿನಿಂದ ನಾಝಲ್‌ಗೆ ಕಿಡಿ ಹಾರದ ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ, ಇಲ್ಲವೇ ನೈಟ್ರೋಜನ್ ಲ್ಯಾನ್ಸ್ ಹಾಕಿ. ಗಾಳಿಯ ಲ್ಯಾನ್ಸ್ ಯಾರೇ ತಂದರೂ ವಾಪಸ್ ಕಳಿಸಿ. ಬೆಡ್ ತಾಪ ಅರ್ಧ ಗಂಟೆಗೊಮ್ಮೆ ಬರೆದಿಡಿ. ಯಾವುದೇ ಥರ್ಮೋಕಪಲ್ 5 ಡಿಗ್ರಿ ಏರಿದರೂ ಸುರಿಸುವುದು ನಿಲ್ಲಿಸಿ, ವಾಲ್ವ್ ಮುಚ್ಚಿ, ನೈಟ್ರೋಜನ್ ಹೆಚ್ಚಿಸಿ.

ಒಳಗೆ ಇಳಿದು ಎಳೆಯುವುದು

ಸುರಿದ ಮೇಲೆ ಗೋಡೆಯ ಬದಿಗೆ ಇಳಿಜಾರಾಗಿ ಉಳಿದದ್ದನ್ನು, ಕೋಕ್‌ನಿಂದ ಗಟ್ಟಿಯಾದದ್ದನ್ನು ವ್ಯಾಕ್ಯೂಮ್ ಹೋಸ್‌ನಿಂದ ಎಳೆಯಬೇಕು. ಡಂಪ್ ನಾಝಲ್ ಮುಚ್ಚಿ, ನೈಟ್ರೋಜನ್ ಈಗ ಕೆಳಗಿನಿಂದ ಮೇಲಕ್ಕೆ ಹರಿಯಬೇಕು. ವ್ಯಾಕ್ಯೂಮ್ ಯಂತ್ರ ಎಳೆದ ಅನಿಲವನ್ನು ಸೋಸಿ, ತಂಪಾಗಿಸಿ ರಿಯಾಕ್ಟರ್‌ಗೇ ಹಿಂದಿರುಗಿಸುವಂಥದ್ದಾಗಿರಲಿ. ಹೊರಗೆ ಬಿಡುವ ಯಂತ್ರವಾದರೆ ಅದು ಎಳೆಯುವಷ್ಟೂ ಗಾಳಿ ಮ್ಯಾನ್‌ವೇಯಿಂದ ಒಳಗೆ ಬರುತ್ತದೆ.

ಈ ಪ್ರವೇಶ ಪ್ಲಾಂಟಿನ ಸ್ವಂತ ಸಿಬ್ಬಂದಿಯ ಕೆಲಸವಲ್ಲ, ಅದಕ್ಕೆಂದೇ ತರಬೇತಾದ ತಂಡದ್ದು. ನೀವು ಪರೀಕ್ಷಿಸಬೇಕಾದ್ದು ಇಷ್ಟು: ಹೆಲ್ಮೆಟ್ ಒಳಗಿರುವವರು ಗಾಬರಿಯಲ್ಲಿ ತಾವೇ ಕಿತ್ತೆಸೆಯಲಾಗದಂತೆ ಲಾಕ್ ಆಗಬೇಕು. ಉಸಿರಾಟದ ಗಾಳಿಗೆ ಮೂರು ಬೇರೆ ಬೇರೆ ಮೂಲ: ಮುಖ್ಯ ಸರಬರಾಜು, ಬದಲಿ, ಮೈಮೇಲಿನ ತುರ್ತು ಸಿಲಿಂಡರ್. ತಂತಿಯ ಮೂಲಕ ಮಾತು, ಕ್ಯಾಮೆರಾ, ಮೇಲೆ ಅದೇ ಉಡುಪಿನಲ್ಲಿ ಸಿದ್ಧವಾಗಿ ಕೂತ ರಕ್ಷಕ. ಗಾಳಿಯ ಹೋಸ್ ಕಪ್ಲಿಂಗ್ ನೈಟ್ರೋಜನ್ ಕಪ್ಲಿಂಗ್‌ಗೆ ಕೂರುವಂತಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ. ಮುಖವಾಡಕ್ಕೆ ನೈಟ್ರೋಜನ್ ಜೋಡಿಸಿ ಜೀವ ಹೋದದ್ದುಂಟು.

ಅಳತೆಯಲ್ಲೂ ಎಚ್ಚರ ಬೇಕು. ಉರಿಯುವ ಅನಿಲ ಅಳೆಯುವ ಮಾಮೂಲಿ ಎಲ್‌ಇಎಲ್ ಮೀಟರಿನ ಬಿಸಿ ಮಣಿ ಉರಿಯಲು ಸುಮಾರು 10% ಆಮ್ಲಜನಕ ಬೇಕು. ನೈಟ್ರೋಜನ್‌ನಲ್ಲಿ ಅದು ಸೊನ್ನೆ ತೋರಿಸುತ್ತದೆ, ಆ ಸೊನ್ನೆಯನ್ನು ನಂಬಿ ಸಹಿ ಹಾಕಿದವರು ಕಡಿಮೆಯೇನಿಲ್ಲ. ಇನ್‌ಫ್ರಾರೆಡ್ ಮೀಟರ್ ಬಳಸಿ, ಇಲ್ಲವೇ ಗಾಳಿ ಬೆರೆಸುವ ಡೈಲ್ಯೂಷನ್ ನಳಿಗೆ ಹಾಕಿ ಓದನ್ನು ಗುಣಿಸಿ.

ಉಸಿರಿನ ನಂತರದ ಅಪಾಯ ಕುಸಿತ. ಗಟ್ಟಿಯಾಗಿ ನಿಂತ ಗೋಡೆ ಒಂದು ಘನ ಮೀಟರ್ ಉರುಳಿದರೂ ಒಂದು ಟನ್. ಮೇಲಿನಿಂದ ಪದರ ಪದರವಾಗಿ ತೆಗೆಯಬೇಕು, ಕೆಳಗೆ ಕೊರೆದು ಗುಹೆ ಮಾಡಬಾರದು. ಎದೆಗಿಂತ ಎತ್ತರದ ದಂಡೆಯ ಕೆಳಗೆ ಯಾರೂ ನಿಲ್ಲಬಾರದು.

ಸ್ಟೇನ್‌ಲೆಸ್ ಮೇಲಿನ ತೇವ

ಸಲ್ಫೈಡ್, ಗಾಳಿ, ತೇವ ಮೂರೂ ಕೂಡಿದರೆ ಪಾಲಿಥಯಾನಿಕ್ ಆಮ್ಲ ಹುಟ್ಟಿ ಸ್ಟೇನ್‌ಲೆಸ್ ಭಾಗಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಒಣ ನೈಟ್ರೋಜನ್‌ನಲ್ಲಿ ಇಟ್ಟರೆ ಸಮಸ್ಯೆ ಇಲ್ಲ. ಗಾಳಿಗೆ ತೆರೆಯಲೇಬೇಕಾದ ಭಾಗಗಳನ್ನು, ಅದರಲ್ಲೂ ಕರಾವಳಿಯ ಮಳೆಗಾಲದಲ್ಲಿ, 2% ಸೋಡಾ ಆ್ಯಶ್ ದ್ರಾವಣದಿಂದ ತೋಯಿಸಿ. 1,000 ಲೀಟರಿಗೆ 20 ಕಿಲೋ, ಪಿಎಚ್ 9ಕ್ಕಿಂತ ಹೆಚ್ಚು, ಕನಿಷ್ಠ ಎರಡು ಗಂಟೆ. ಕ್ಲೋರೈಡ್ ಕಡಿಮೆ ಇರುವ ನೀರನ್ನೇ ಬಳಸಿ, ಬೋರ್‌ವೆಲ್ ನೀರು ಬೇಡ. ತೋಯಿಸಿದ ಮೇಲೆ ಸಿಹಿನೀರಿನಿಂದ ತೊಳೆಯಬೇಡಿ, ಒಣಗಿ ಉಳಿಯುವ ಬಿಳಿ ಪೊರೆಯೇ ರಕ್ಷಣೆ.

ಡ್ರಮ್, ಲೇಬಲ್, ಮಾದರಿ

ತುಂಬಿದ ಡ್ರಮ್‌ಗೆ ನೈಟ್ರೋಜನ್ ಊದಿ ಅಥವಾ ಒಂದು ತುಂಡು ಡ್ರೈ ಐಸ್ ಹಾಕಿ. ಡ್ರೈ ಐಸ್ ಪೂರ್ತಿ ಕರಗುವವರೆಗೆ ಮುಚ್ಚಳ ಬಿಗಿಯಬೇಡಿ, ಡ್ರಮ್ ಉಬ್ಬುತ್ತದೆ. ನೆರಳಿನಲ್ಲಿ, ಮಳೆ ತಾಗದಂತೆ ಇಡಿ. ಮರುದಿನ ಹೊರಮೈ ಮುಟ್ಟಿ ನೋಡಿ, ಬೆಚ್ಚಗಿದ್ದದ್ದನ್ನು ಬೇರೆ ಮಾಡಿ. ತಿಂಗಳ ನಂತರ ತೆರೆಯುವವರಿಗೆ ಒಳಗೆ ಹೈಡ್ರೋಜನ್ ಸಲ್ಫೈಡ್ ಕೂಡಿರಬಹುದೆಂದು ಲೇಬಲ್‌ನಲ್ಲೇ ಹೇಳಿ. ನಿಕಲ್, ಕೋಬಾಲ್ಟ್ ದೂಳು ಕ್ಯಾನ್ಸರ್‌ಕಾರಕ, ಬಟ್ಟೆಯ ಮಾಸ್ಕ್ ಉಪಯೋಗಕ್ಕೆ ಬರುವುದಿಲ್ಲ.

ನಮ್ಮಲ್ಲಿ ರಿಫೈನರಿಯ ಹಳೆಯ ಕ್ಯಾಟಲಿಸ್ಟ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಫಾರ್ಮ್ 8ರ ಲೇಬಲ್, ಸಾಗಣೆಗೆ ಫಾರ್ಮ್ 10ರ ಮ್ಯಾನಿಫೆಸ್ಟ್ ಬೇಕು. ತೆಗೆದುಕೊಂಡು ಹೋಗುವವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂದು ಶಟ್‌ಡೌನ್‌ಗೆ ಮೊದಲೇ ನೋಡಿ.

ಪ್ರತಿ ಡ್ರಮ್ ಮೇಲೆ ಯಾವ ಬೆಡ್, ಎಷ್ಟು ಆಳ, ಎಷ್ಟು ತೂಕ ಎಂದು ಬರೆಯಿರಿ. ಪ್ರತಿ ಬೆಡ್‌ನ ಮೇಲೆ, ನಡು, ಕೆಳಗಿನಿಂದ ಒಂದೊಂದು ಕಿಲೋ ಮಾದರಿಯನ್ನು ನೈಟ್ರೋಜನ್ ತುಂಬಿದ ಡಬ್ಬಿಯಲ್ಲಿಡಿ. ಕಾರ್ಬನ್, ಗಂಧಕ, ಕಡ್ಡಿಯ ಉದ್ದ, ನಿಕಲ್, ವನೇಡಿಯಂ, ಆರ್ಸೆನಿಕ್, ಸಿಲಿಕಾನ್ ನೋಡಿಸಿ. ಕೋಕರ್ ಸರಕಿನ ಜೊತೆ ಬಂದ ಸಿಲಿಕಾನ್ ಮೇಲಿನ ಬೆಡ್‌ನಲ್ಲೇ ನಿಂತಿದ್ದರೆ ಕೆಳಗಿನ ಬೆಡ್ ಪುನರುಜ್ಜೀವನಕ್ಕೆ ಹೋಗಬಹುದು, ಮೇಲಿನದು ಲೋಹ ತೆಗೆಯುವವರಿಗೆ. ಡ್ರಮ್ ಕಲಸಿಹೋದರೆ ಎರಡೂ ಲೋಹದ ಬೆಲೆಗೇ ಹೋಗುತ್ತವೆ.